ಈಗ ಓದುತ್ತಿರುವವರು ಯಾರು? ಮರುಸ್ಥಾಪನೆಯಲ್ಲಿ ಡಿಸ್ಕ್ ಮತ್ತು ಡ್ರೈವರ್‌ಗಳ ತೊಡಕು

ಉತ್ತರ ಕನ್ನಡ ಜಿಲ್ಲೆಯಲ್ಲಿ ದಾಂಡೇಲಿಗೆ ಹತ್ತಿರವಿರುವ ಅಂಬಿಕಾನಗರವು ಕಾಳಿ ನದಿಯ ಜಲವಿದ್ಯುತ್ ಯೋಜನೆಯ ಜೊತೆಯಲ್ಲೇ ಬೆಳೆದ ಊರು. ಸೂಪಾ ಅಣೆಕಟ್ಟಿನ ನೀರು ಬೊಮ್ಮನಹಳ್ಳಿ ಜಲಾಶಯಕ್ಕೆ ಬಂದು, ಅಲ್ಲಿಂದ ಸುರಂಗ ಮತ್ತು ಕೊಳವೆಗಳ ಮೂಲಕ ನಾಗಝರಿ ವಿದ್ಯುದಾಗಾರದ ಆರು ಟರ್ಬೈನುಗಳಿಗೆ ಇಳಿಯುತ್ತದೆ. ಜಲವಿದ್ಯುತ್ ಕೇಂದ್ರವೊಂದು ಪೂರ್ತಿ ನಿಂತುಹೋದ ಸ್ಥಿತಿಯಿಂದ ಮತ್ತೆ ಚಾಲೂ ಆಗಬೇಕಾದಾಗ ಒಂದು ವಿಚಿತ್ರ ತೊಡಕು ಎದುರಾಗುತ್ತದೆ. ನೀರನ್ನು ಟರ್ಬೈನಿಗೆ ಬಿಡುವ ಬಾಗಿಲುಗಳನ್ನು ತೆರೆಯುವ ತೈಲದ ಒತ್ತಡಕ್ಕೂ, ಜನರೇಟರಿನ ರೋಟರನ್ನು ವಿದ್ಯುತ್ಕಾಂತವನ್ನಾಗಿ ಮಾಡುವ ಪ್ರವಾಹಕ್ಕೂ ವಿದ್ಯುತ್ತೇ ಬೇಕು. ಹೊರಗಿನ ಗ್ರಿಡ್ಡಿನಲ್ಲೂ ವಿದ್ಯುತ್ ಇಲ್ಲದಿದ್ದಾಗ ಬ್ಯಾಟರಿಗಳು ಅಥವಾ ಸಣ್ಣ ಡೀಸೆಲ್ ಜನರೇಟರು ಆ ಮೊದಲ ನೂಕನ್ನು ಕೊಡುತ್ತವೆ, ದೊಡ್ಡ ಯಂತ್ರ ತಿರುಗಿ ನಿಂತ ಮೇಲೆ ಹೊಣೆ ಅದಕ್ಕೆ ಹಸ್ತಾಂತರವಾಗುತ್ತದೆ. ಎಂಜಿನಿಯರುಗಳು ಇದನ್ನು ಬ್ಲ್ಯಾಕ್ ಸ್ಟಾರ್ಟ್ ಎನ್ನುತ್ತಾರೆ.

ಖಾಲಿ ಮಾಡಿದ ಕಂಪ್ಯೂಟರಿನಲ್ಲಿ ಕಾರ್ಯಾಚರಣ ವ್ಯವಸ್ಥೆಯನ್ನು, ಅಂದರೆ ವಿಂಡೋಸ್ ಅಥವಾ ಲಿನಕ್ಸ್‌ನಂಥ ಮೂಲ ತಂತ್ರಾಂಶವನ್ನು, ಮತ್ತೆ ಸ್ಥಾಪಿಸುವ ಕೆಲಸದ ತರ್ಕವೂ ಇದೇ. ವ್ಯವಸ್ಥೆಯ ಕಡತಗಳು ಡಿಸ್ಕಿನಲ್ಲೋ ಪೆನ್‌ಡ್ರೈವಿನಲ್ಲೋ ಇರುತ್ತವೆ. ಅವನ್ನು ಓದಲು ಒಂದು ತಂತ್ರಾಂಶ ಬೇಕು. ಆ ಓದುವ ತಂತ್ರಾಂಶವಾದರೋ ಸ್ಥಾಪಿಸಬೇಕಾದ ವ್ಯವಸ್ಥೆಯ ಭಾಗವೇ ಆಗಿರುತ್ತದೆ. ಆದ್ದರಿಂದ ಯಂತ್ರದೊಳಗೇ ಇರುವ ಸಣ್ಣ ಕ್ರಮವಿಧಿಯೊಂದು ತುಸು ದೊಡ್ಡ ಕ್ರಮವಿಧಿಯನ್ನು ಎಬ್ಬಿಸುತ್ತದೆ, ಅದು ಪೂರ್ಣ ವ್ಯವಸ್ಥೆಯನ್ನು ಎಬ್ಬಿಸುತ್ತದೆ. ಮರುಸ್ಥಾಪನೆಯಲ್ಲಿ ಎದುರಾಗುವ ಬಹುಪಾಲು ತೊಂದರೆಗಳು ಹುಟ್ಟುವುದು ಈ ಹಸ್ತಾಂತರದ ಗಳಿಗೆಗಳಲ್ಲಿ. ಪರದೆಯ ಮೇಲೆ ಮೂಡುವ ದೋಷಸಂದೇಶವು ತೊಂದರೆ ಎಲ್ಲಿ ಗಮನಕ್ಕೆ ಬಂತು ಎಂಬುದನ್ನು ಮಾತ್ರ ಹೇಳುತ್ತದೆ, ಅದು ಎಲ್ಲಿ ಹುಟ್ಟಿತು ಎಂಬುದನ್ನು ಅನೇಕ ಸಲ ಹೇಳುವುದಿಲ್ಲ. ಆ ಗಳಿಗೆಯಲ್ಲಿ ಡಿಸ್ಕನ್ನು ಓದುತ್ತಿದ್ದುದು ಯಾವ ತಂತ್ರಾಂಶ ಎಂಬ ಒಂದೇ ಪ್ರಶ್ನೆಯನ್ನು ಬಿಡದೆ ಕೇಳುತ್ತ ಹೋದರೆ, ಗೊಂದಲದಂತೆ ತೋರುವ ಈ ತೊಂದರೆಗಳು ಒಂದು ಕ್ರಮಕ್ಕೆ ಬರುತ್ತವೆ.

ಡಿಸ್ಕಿನ ಮೈ

ಮೊದಲು ಪರೀಕ್ಷಿಸಬೇಕಾದದ್ದು ಸ್ಥಾಪನೆಯ ಡಿಸ್ಕನ್ನೇ. ಸಿ.ಡಿ.ಯೆಂಬುದು 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಬಿಲ್ಲೆ. ಅದರ ಒಂದು ಮೈಮೇಲೆ ಸುರುಳಿಯಾಕಾರದ ಜಾಡಿನಲ್ಲಿ ಸೂಕ್ಷ್ಮ ಕುಳಿಗಳಿದ್ದು, ಅವುಗಳ ಮೇಲೆ ಬೆಳಕನ್ನು ಹಿಂದಿರುಗಿಸುವ ಅಲ್ಯೂಮಿನಿಯಂ ಲೇಪವೂ, ಅದರ ಮೇಲೆ ತೆಳುವಾದ ಅರಗಿನ ಪದರವೂ, ಎಲ್ಲಕ್ಕಿಂತ ಮೇಲೆ ಹೆಸರಿನ ಚೀಟಿಯೂ ಇರುತ್ತವೆ. ಜಾಡಿನ ಒಂದು ಸುತ್ತಿಗೂ ಮುಂದಿನ ಸುತ್ತಿಗೂ ಇರುವ ಅಂತರ 1.6 ಮೈಕ್ರೊಮೀಟರ್, ಡಿ.ವಿ.ಡಿ.ಯಲ್ಲಿ ಅದು 0.74 ಮೈಕ್ರೊಮೀಟರಿಗೆ ಇಳಿಯುತ್ತದೆ. ಸಿ.ಡಿ.ಯನ್ನು 780 ನ್ಯಾನೊಮೀಟರ್ ತರಂಗಾಂತರದ ಅವಕೆಂಪು ಲೇಸರ್ ಓದಿದರೆ, ಡಿ.ವಿ.ಡಿ.ಯನ್ನು 650 ನ್ಯಾನೊಮೀಟರಿನ ಕೆಂಪು ಲೇಸರ್ ಓದುತ್ತದೆ. ಸುಮಾರು 700 ಮೆಗಾಬೈಟ್ ಹಿಡಿಸುವ ಸಿ.ಡಿ.ಯ ಗಾತ್ರದಲ್ಲೇ ಒಂದು ಪದರದ ಡಿ.ವಿ.ಡಿ. 4.7 ಗಿಗಾಬೈಟ್ ಹಿಡಿಸುವುದಕ್ಕೆ ಈ ಕಿರಿದಾದ ಜಾಡೂ ಚಿಕ್ಕ ಕುಳಿಗಳೂ ಕಾರಣ. ಸಿ.ಡಿ.ಯಲ್ಲಿ ಮಾಹಿತಿಯ ಪದರ ಹೆಸರಿನ ಚೀಟಿಯ ಅಡಿಯಲ್ಲೇ ಇರುವುದರಿಂದ, ಹೊಳೆಯುವ ಮೈಮೇಲಿನ ಗೀರಿಗಿಂತ ಚೀಟಿಯ ಮೈಮೇಲಿನ ಗೀರು ಹೆಚ್ಚು ಅಪಾಯಕಾರಿ.

ಓದುವಾಗ ಅಲ್ಲಲ್ಲಿ ತಪ್ಪುವ ಬಿಟ್‌ಗಳನ್ನು ಸರಿಪಡಿಸಲು ಡಿಸ್ಕಿನಲ್ಲಿ ಮಾಹಿತಿಯ ಜೊತೆಗೇ ಹೆಚ್ಚುವರಿ ತಾಳೆ ಸಂಖ್ಯೆಗಳನ್ನು ಬರೆದಿರುತ್ತಾರೆ. ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲೊಮನ್ ಎಂಬ ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ಸಂಕೇತ ಪದ್ಧತಿಯೇ ಇದರ ಆಧಾರ. ಸಿ.ಡಿ.ಯಲ್ಲಿ ಜಾಡಿನುದ್ದಕ್ಕೂ ಸುಮಾರು 2.5 ಮಿಲಿಮೀಟರ್‌ವರೆಗಿನ ಹಾನಿಯನ್ನು ಈ ಸಂಕೇತ ತುಂಬಿಕೊಡಬಲ್ಲದು. ಕೇಂದ್ರದಿಂದ ಅಂಚಿನತ್ತ ಹೋಗುವ ಗೀರು ಪ್ರತಿ ಸುತ್ತಿನಲ್ಲೂ ಚಿಕ್ಕ ತುಣುಕನ್ನಷ್ಟೇ ಕೆಡಿಸುವುದರಿಂದ ಅದು ಸರಿಹೋಗುತ್ತದೆ, ಜಾಡಿನ ಗುಂಟ ಸುತ್ತುವ ಗೀರು ಉದ್ದನೆಯ ಭಾಗವನ್ನೇ ನುಂಗುವುದರಿಂದ ಸರಿಹೋಗುವುದಿಲ್ಲ. ಡಿಸ್ಕನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಹೊರಕ್ಕೆ ಒರೆಸಬೇಕು, ವೃತ್ತಾಕಾರವಾಗಿ ಉಜ್ಜಬಾರದು ಎಂಬ ಸಲಹೆಯ ಹಿಂದಿರುವುದು ಈ ಗಣಿತವೇ.

ಹಾಡಿನ ಡಿಸ್ಕಿನಲ್ಲಿ ಸರಿಪಡಿಸಲಾಗದ ತುಣುಕು ಸಿಕ್ಕಿದಾಗ ಪ್ಲೇಯರು ಅಕ್ಕಪಕ್ಕದ ಧ್ವನಿಯಿಂದ ಅಂದಾಜು ಮಾಡಿ ಆ ತೆರಪನ್ನು ತುಂಬುತ್ತದೆ, ಕಿವಿಗೆ ಅದು ಗೊತ್ತಾಗುವುದಿಲ್ಲ. ತಂತ್ರಾಂಶದಲ್ಲಿ ಅಂಥ ಅಂದಾಜಿಗೆ ಆಸ್ಪದವೇ ಇಲ್ಲ, ಒಂದು ಬಿಟ್ ತಪ್ಪಿದರೂ ಕಡತ ಕೆಟ್ಟಂತೆಯೇ ಲೆಕ್ಕ. ಆದ್ದರಿಂದ ಒಂದು ಡಿಸ್ಕ್ ಡ್ರೈವಿನಲ್ಲಿ ಹಾಡುಗಳು ಸರಾಗವಾಗಿ ಕೇಳಿಬರುತ್ತವೆ ಎಂಬುದು ಅದೇ ಡ್ರೈವ್ ಸ್ಥಾಪನೆಯ ಡಿಸ್ಕನ್ನೂ ಸರಿಯಾಗಿ ಓದುತ್ತದೆ ಎಂಬುದಕ್ಕೆ ಪುರಾವೆಯಾಗದು.

ಪಶ್ಚಿಮ ಘಟ್ಟದ ಊರುಗಳಲ್ಲಿ ಇದಕ್ಕೆ ತೇವದ ಕಾಟವೂ ಸೇರುತ್ತದೆ. ಮಳೆಗಾಲದ ತಿಂಗಳುಗಳಲ್ಲಿ ಬಟ್ಟೆ, ಪುಸ್ತಕ, ಕ್ಯಾಮೆರಾದ ಮಸೂರ ಎಲ್ಲಕ್ಕೂ ಬೂಸ್ಟು ಹಿಡಿಯುವ ಹವೆಯಲ್ಲಿ ಡಿಸ್ಕ್ ಡ್ರೈವಿನ ಪುಟ್ಟ ಮಸೂರವೂ ಮಸುಕಾಗಬಹುದು. ಮಧ್ಯ ಅಮೆರಿಕದ ಬೆಲೀಜ್ ದೇಶದ ಬಿಸಿ ಮತ್ತು ತೇವದ ಹವೆಯಲ್ಲಿ ಕೆಟ್ಟುಹೋದ ಸಿ.ಡಿ.ಯೊಂದನ್ನು ಪರೀಕ್ಷಿಸಿದ ಸ್ಪೇನಿನ ವಿಜ್ಞಾನಿಗಳು, ಜಿಯೊಟ್ರೈಕಮ್ ಕುಲದ ಶಿಲೀಂಧ್ರವೊಂದು ಅದರ ಅಂಚಿನಿಂದ ಒಳಹೊಕ್ಕು ಪ್ಲಾಸ್ಟಿಕ್ ಹಾಗೂ ಅಲ್ಯೂಮಿನಿಯಂ ಪದರಗಳನ್ನು ಕೆಡಿಸಿದ್ದನ್ನು 2001ರಲ್ಲಿ ವರದಿ ಮಾಡಿದರು. ಇದು ಅಪರೂಪದ ಪ್ರಕರಣವಾದರೂ, ಮನೆಯಲ್ಲಿ ಬರೆದುಕೊಂಡ ಸಿ.ಡಿ.ಗಳಲ್ಲಿ ಮಾಹಿತಿಯನ್ನು ಹಿಡಿದಿಡುವ ಸಾವಯವ ಬಣ್ಣದ ಪದರ ಬಿಸಿಲು, ಶಾಖ ಮತ್ತು ತೇವಕ್ಕೆ ಮಾಸುವುದು ಅಪರೂಪವೇನಲ್ಲ. ಹತ್ತು ವರ್ಷದ ಹಿಂದೆ ಬರೆದಿಟ್ಟ ಡಿಸ್ಕನ್ನು ನಂಬಿ ಯಂತ್ರದ ಹಳೆಯ ವ್ಯವಸ್ಥೆಯನ್ನು ಅಳಿಸುವುದು ಜಾಣತನವಲ್ಲ.

ಅಂತರ್ಜಾಲದಿಂದ ಇಳಿಸಿಕೊಂಡು ಡಿಸ್ಕ್ ಅಥವಾ ಪೆನ್‌ಡ್ರೈವಿಗೆ ಬರೆಯುವವರಿಗೆ ತಾಳೆ ನೋಡುವ ಒಳ್ಳೆಯ ಉಪಾಯವೊಂದಿದೆ. ಇಡೀ ಡಿಸ್ಕಿನ ಪಡಿಯಚ್ಚನ್ನು ಒಂದೇ ಕಡತವಾಗಿ ಕಟ್ಟಿದ್ದಕ್ಕೆ ಐ.ಎಸ್.ಒ. ಕಡತ ಎಂದು ಹೆಸರು. ಅದನ್ನು ಪ್ರಕಟಿಸುವವರು ಸಾಮಾನ್ಯವಾಗಿ ಎಸ್.ಎಚ್.ಎ.-256 ಎಂಬ ಗಣಿತ ಸೂತ್ರದಿಂದ ಪಡೆದ 64 ಅಕ್ಷರಗಳ ಮುದ್ರೆಯೊಂದನ್ನೂ ಪ್ರಕಟಿಸಿರುತ್ತಾರೆ. ಇಳಿಸಿಕೊಂಡ ಕಡತದ ಮೇಲೆ ಅದೇ ಸೂತ್ರವನ್ನು ಓಡಿಸಿದಾಗ ಬರುವ 64 ಅಕ್ಷರಗಳು ಪ್ರಕಟಿತ ಮುದ್ರೆಯೊಂದಿಗೆ ಪೂರ್ತಿ ಹೊಂದಬೇಕು. ಕಡತದಲ್ಲಿ ಒಂದು ಬಿಟ್ ಬದಲಾದರೂ ಮುದ್ರೆ ಗುರುತು ಸಿಗದಷ್ಟು ಬೇರೆಯಾಗುತ್ತದೆ. ಸಂಪರ್ಕ ಆಗಾಗ ಕಡಿದುಹೋಗುವ ಜೋಯಿಡಾದ ಕಾಡುಹಳ್ಳಿಗಳಂಥ ಕಡೆಗಳಲ್ಲಿ ಹಲವು ಕಂತುಗಳಲ್ಲಿ ಇಳಿಸಿಕೊಂಡ ದೊಡ್ಡ ಕಡತಕ್ಕೆ ಈ ಪರೀಕ್ಷೆ ಅನಿವಾರ್ಯವೆಂದೇ ಹೇಳಬೇಕು.

ಮೂವರು ಓದುಗರು

ಡಿಸ್ಕ್ ಸರಿಯಿದೆ ಎಂದು ಖಚಿತವಾದ ಮೇಲೆ, ಅದನ್ನು ಯಾರು ಓದುತ್ತಾರೆ ಎಂಬ ಪ್ರಶ್ನೆ ಬರುತ್ತದೆ. ಮರುಸ್ಥಾಪನೆಯ ಆರಂಭದಿಂದ ಅಂತ್ಯದವರೆಗೆ ಮೂವರು ಓದುಗರು ಒಬ್ಬರಾದ ಮೇಲೊಬ್ಬರಂತೆ ಬರುತ್ತಾರೆ.

ಮೊದಲನೆಯದು ಫರ್ಮ್‌ವೇರ್, ಅಂದರೆ ಮದರ್‌ಬೋರ್ಡಿನ ಚಿಪ್ಪಿನಲ್ಲಿ ಶಾಶ್ವತವಾಗಿ ಬರೆದಿಟ್ಟ ತಂತ್ರಾಂಶ. ಹಳೆಯ ಯಂತ್ರಗಳಲ್ಲಿ ಇದನ್ನು ಬಯೋಸ್ ಎಂದೂ ಹೊಸ ಯಂತ್ರಗಳಲ್ಲಿ ಯು.ಇ.ಎಫ್.ಐ. ಎಂದೂ ಕರೆಯುತ್ತಾರೆ. ವಿದ್ಯುತ್ ಗುಂಡಿ ಒತ್ತಿದೊಡನೆ ಎಚ್ಚರಗೊಳ್ಳುವ ಇದು ಯಾವ ಸಾಧನದಿಂದ ವ್ಯವಸ್ಥೆಯನ್ನು ಎಬ್ಬಿಸಬೇಕೆಂದು ತನ್ನ ಪಟ್ಟಿಯ ಕ್ರಮದಲ್ಲಿ ಹುಡುಕುತ್ತದೆ. ಸಿ.ಡಿ.ಯಿಂದ ಬೂಟ್ ಆಗುವ ವಿಧಾನವನ್ನು ಫೀನಿಕ್ಸ್ ಟೆಕ್ನಾಲಜೀಸ್ ಮತ್ತು ಐ.ಬಿ.ಎಂ. ಸಂಸ್ಥೆಗಳು 1995ರಲ್ಲಿ ಎಲ್ ಟೊರಿಟೊ ಎಂಬ ಹೆಸರಿನ ನಿಯಮಾವಳಿಯಾಗಿ ರೂಪಿಸಿದವು. ಅದಕ್ಕೂ ಮೊದಲು ಫ್ಲಾಪಿ ಹಾಕಿ ಯಂತ್ರವನ್ನು ಎಬ್ಬಿಸಿ, ಸಿ.ಡಿ. ಡ್ರೈವಿನ ಡ್ರೈವರನ್ನು ಆ ಫ್ಲಾಪಿಯಿಂದಲೇ ತುಂಬಿಕೊಂಡು, ಆಮೇಲೆ ಸಿ.ಡಿ.ಯ ಬಳಿಗೆ ಹೋಗಬೇಕಾಗುತ್ತಿತ್ತು. ಎರಡನೆಯ ಓದುಗ ಸ್ಥಾಪಕ. ಡಿಸ್ಕಿನಿಂದ ಮೆಮೊರಿಗೆ ಬಂದು ಕೂರುವ ಈ ತಾತ್ಕಾಲಿಕ ಕಿರು ವ್ಯವಸ್ಥೆಯು ಭಾಷೆ ಕೇಳುವ, ಹಾರ್ಡ್ ಡಿಸ್ಕನ್ನು ವಿಭಾಗಿಸುವ, ಕಡತಗಳನ್ನು ನಕಲಿಸುವ ಕೆಲಸಗಳನ್ನು ಮಾಡುತ್ತದೆ. ಮೂರನೆಯದು ಹಾರ್ಡ್ ಡಿಸ್ಕಿನಿಂದ ಮೊದಲ ಬಾರಿಗೆ ತಾನಾಗಿ ಎದ್ದು ನಿಲ್ಲುವ ಪೂರ್ಣ ವ್ಯವಸ್ಥೆ.

ಈ ಮೂವರೂ ಒಂದೇ ಯಂತ್ರಾಂಶವನ್ನು ತಮ್ಮ ತಮ್ಮ ಡ್ರೈವರ್‌ಗಳ ಮೂಲಕ ಬಳಸುತ್ತಾರೆ. ಡ್ರೈವರ್ ಎಂದರೆ ನಿರ್ದಿಷ್ಟ ಸಾಧನವೊಂದರೊಡನೆ ವ್ಯವಹರಿಸುವ ವಿಧಾನವನ್ನು ಬಲ್ಲ ಚಾಲಕ ತಂತ್ರಾಂಶ. ವ್ಯವಸ್ಥೆಯು ಇಂಥ ಕಡತ ಬೇಕೆಂದು ಕೇಳಿದರೆ, ಅದನ್ನು ಆ ಸಾಧನದ ಚಿಪ್ಪಿಗೆ ತಿಳಿಯುವ ಆದೇಶಗಳನ್ನಾಗಿ ಮಾಡಿಕೊಡುವುದು ಅದರ ಕೆಲಸ. ಫರ್ಮ್‌ವೇರಿನ ಬಳಿ ಇರುವ ಡ್ರೈವರ್ ಸ್ಥಾಪಕಕ್ಕೆ ಸಿಗುವುದಿಲ್ಲ, ಸ್ಥಾಪಕದ ಬಳಿ ಇದ್ದದ್ದು ಪೂರ್ಣ ವ್ಯವಸ್ಥೆಗೆ ತಾನಾಗಿ ಬರಲೇಬೇಕೆಂದೂ ಇಲ್ಲ. ಮೊದಲನೆಯವರಿಗೆ ಕಂಡ ಸಾಧನ ಎರಡನೆಯವರಿಗೆ ಕಾಣದಿರುವುದಕ್ಕೆ ಕಾರಣ ಇದು.

ಓದಿದ ಡಿಸ್ಕೇ ಕಾಣೆಯಾದಾಗ

2009ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ವಿಂಡೋಸ್ 7ರ ಸ್ಥಾಪನೆಯಲ್ಲಿ ಅಸಂಖ್ಯ ಬಳಕೆದಾರರನ್ನು ಕಾಡಿದ ಸಂದೇಶವೊಂದು ಇದಕ್ಕೆ ಒಳ್ಳೆಯ ನಿದರ್ಶನ. ಡಿಸ್ಕಿನಿಂದಲೋ ಪೆನ್‌ಡ್ರೈವಿನಿಂದಲೋ ಯಂತ್ರ ಬೂಟ್ ಆಗಿ, ಸ್ಥಾಪಕದ ನೀಲಿ ಪರದೆ ಮೂಡಿ, ಸ್ಥಾಪಿಸು ಎಂಬ ಗುಂಡಿ ಒತ್ತಿದ ಕೂಡಲೇ, ಅಗತ್ಯವಾದ ಸಿ.ಡಿ. ಅಥವಾ ಡಿ.ವಿ.ಡಿ. ಡ್ರೈವಿನ ಡ್ರೈವರ್ ಕಾಣೆಯಾಗಿದೆ, ಅದಿರುವ ಫ್ಲಾಪಿ, ಸಿ.ಡಿ., ಡಿ.ವಿ.ಡಿ. ಅಥವಾ ಪೆನ್‌ಡ್ರೈವನ್ನು ಈಗ ಹಾಕಿ ಎಂಬರ್ಥದ ಸಂದೇಶ ಕಾಣಿಸಿಕೊಳ್ಳುತ್ತದೆ. ಇಷ್ಟು ಹೊತ್ತು ಡಿಸ್ಕನ್ನು ಓದಿಯೇ ಇಲ್ಲಿಯವರೆಗೆ ಬಂದ ಯಂತ್ರವು ಡಿಸ್ಕ್ ಓದಲು ಬರುವುದಿಲ್ಲವೆಂದು ಹೇಳುವುದು ಅಸಂಗತವಾಗಿ ತೋರುತ್ತದೆ. ಸಂದೇಶವನ್ನು ಅಕ್ಷರಶಃ ನಂಬಿ ಡಿ.ವಿ.ಡಿ. ಡ್ರೈವರಿಗಾಗಿ ಊರೂರು ಹುಡುಕಿದವರಿಗೆ ಅದು ಸಿಗುವುದೂ ಇಲ್ಲ, ಏಕೆಂದರೆ ಸಾಮಾನ್ಯ ಡಿ.ವಿ.ಡಿ. ಡ್ರೈವುಗಳಿಗೆ ಪ್ರತ್ಯೇಕ ಡ್ರೈವರ್ ಎಂಬುದೇ ಇರುವುದಿಲ್ಲ.

ಓದುಗರ ಬದಲಾವಣೆಯನ್ನು ಗಮನಕ್ಕೆ ತಂದುಕೊಂಡರೆ ಒಗಟು ಬಿಡಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ಡಿಸ್ಕನ್ನು ಓದಿದ್ದು ಫರ್ಮ್‌ವೇರ್. ಗುಂಡಿ ಒತ್ತಿದ ಮೇಲೆ ಓದಬೇಕಾದದ್ದು ಸ್ಥಾಪಕ. ಪೆನ್‌ಡ್ರೈವನ್ನು ನೀಲಿ ಬಣ್ಣದ ಯು.ಎಸ್.ಬಿ. 3.0 ಕಿಂಡಿಗೆ ಸಿಕ್ಕಿಸಿದ್ದರೆ, ವಿಂಡೋಸ್ 7ರ ಸ್ಥಾಪಕಕ್ಕೆ ಆ ಕಿಂಡಿಯ ನಿಯಂತ್ರಕ ಚಿಪ್ಪಿನ ಪರಿಚಯವೇ ಇಲ್ಲ, ಯು.ಎಸ್.ಬಿ. 3.0ಕ್ಕೆ ಬೇಕಾದ ಡ್ರೈವರ್ ವಿಂಡೋಸಿನೊಳಗೇ ಸೇರಿದ್ದು 2012ರ ವಿಂಡೋಸ್ 8ರಿಂದ. ಆಗ ಸ್ಥಾಪಕವು ತನ್ನದೇ ಕಡತಗಳ ಮೂಲವನ್ನು ಹುಡುಕಿ, ಎಲ್ಲೂ ಕಾಣದೆ, ಡಿ.ವಿ.ಡಿ. ಡ್ರೈವರ್ ಇಲ್ಲ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತದೆ. ಸಂದೇಶವನ್ನು ರದ್ದುಮಾಡಿ ಪೆನ್‌ಡ್ರೈವನ್ನು ಕಪ್ಪು ಬಣ್ಣದ ಯು.ಎಸ್.ಬಿ. 2.0 ಕಿಂಡಿಗೆ ಬದಲಿಸಿ ಮತ್ತೆ ಗುಂಡಿ ಒತ್ತಿದರೆ ಕೆಲಸ ಮುಂದುವರಿಯುವುದು ಇದೇ ಕಾರಣಕ್ಕೆ. ನಿಜವಾದ ಡಿ.ವಿ.ಡಿ.ಯಿಂದಲೇ ಬೂಟ್ ಮಾಡಿದಾಗಲೂ ಇದೇ ಸಂದೇಶ ಬಂದರೆ, ಅಪೂರ್ಣವಾಗಿ ಇಳಿದ ಐ.ಎಸ್.ಒ. ಕಡತವನ್ನೋ, ಅತಿವೇಗದಲ್ಲಿ ಬರೆದು ಕೆಟ್ಟ ಡಿಸ್ಕನ್ನೋ ಶಂಕಿಸಬೇಕು. ಮುದ್ರೆಯನ್ನು ತಾಳೆ ನೋಡಿ, ಕಡಿಮೆ ವೇಗದಲ್ಲಿ ಹೊಸ ಡಿಸ್ಕ್ ಬರೆಯುವುದು ಇಲ್ಲಿನ ಪರಿಹಾರ.

ಇಂಟೆಲ್ ಸಂಸ್ಥೆಯು 2015ರಲ್ಲಿ ತಂದ 100 ಸರಣಿಯ ಚಿಪ್‌ಸೆಟ್‌ಗಳಲ್ಲಿ ಯು.ಎಸ್.ಬಿ. 2.0ರ ಹಳೆಯ ನಿಯಂತ್ರಕವನ್ನೇ ಕೈಬಿಟ್ಟಿತು. ಅಂಥ ಯಂತ್ರದಲ್ಲಿ ವಿಂಡೋಸ್ 7ರ ಸ್ಥಾಪಕ ಎದ್ದೊಡನೆ ಕೀಲಿಮಣೆ, ಮೌಸ್ ಎರಡೂ ನಿಶ್ಚಲವಾಗುತ್ತವೆ. ಫರ್ಮ್‌ವೇರಿನ ಪರದೆಯಲ್ಲಿ ಕೆಲಸ ಮಾಡಿದ ಕೀಲಿಮಣೆ ಸ್ಥಾಪಕದ ಪರದೆಯಲ್ಲಿ ಸತ್ತಂತಾದರೆ ಕೀಲಿಮಣೆಯನ್ನು ಬದಲಿಸಿ ಪ್ರಯೋಜನವಿಲ್ಲ. ಸ್ಥಾಪನೆಯ ಕಡತಗಳೊಳಗೇ ಯು.ಎಸ್.ಬಿ. 3.0 ಡ್ರೈವರನ್ನು ಮುಂಚಿತವಾಗಿ ಸೇರಿಸಿಕೊಳ್ಳಬೇಕು, ಇಲ್ಲವೇ ಹಳೆಯ ದುಂಡು ಪಿನ್ನಿನ ಪಿ.ಎಸ್. 2 ಕೀಲಿಮಣೆಯ ಕಿಂಡಿ ಉಳಿದಿದ್ದರೆ ಅದನ್ನು ಬಳಸಬೇಕು.

ಕಡತಗಳನ್ನು ನಕಲಿಸುವ ನಡುವೆ ಸ್ಥಾಪನೆ ನಿಂತುಹೋಗಿ, ಕಡತ ಕೆಟ್ಟಿದೆ ಅಥವಾ ಇಲ್ಲ ಎಂಬ ವಿವರಣೆಯೊಡನೆ 80070570 ಎಂಬ ದೋಷಸಂಖ್ಯೆ ಬರುವುದೂ ಸಾಮಾನ್ಯ. ಇಲ್ಲಿ ನೋಡಬೇಕಾದ ಸಂಗತಿ ಒಂದೇ. ಎರಡು ಮೂರು ಸಲ ಪ್ರಯತ್ನಿಸಿದಾಗಲೂ ಸ್ಥಾಪನೆ ಅದೇ ಶೇಕಡಾ ಅಂಕಿಯ ಬಳಿ ನಿಲ್ಲುತ್ತಿದ್ದರೆ ಡಿಸ್ಕಿನ ಆ ಭಾಗ ಕೆಟ್ಟಿರುವ ಸಂಭವ ಹೆಚ್ಚು. ಒಮ್ಮೆ ಇಲ್ಲಿ, ಮತ್ತೊಮ್ಮೆ ಅಲ್ಲಿ ನಿಲ್ಲುತ್ತಿದ್ದರೆ ಡಿಸ್ಕಿಗಿಂತ ಯಂತ್ರದ ಮೆಮೊರಿ, ಕೇಬಲ್ ಅಥವಾ ಹಾರ್ಡ್ ಡಿಸ್ಕಿನ ಮೇಲೆ ಶಂಕೆ ಬರಬೇಕು, ಏಕೆಂದರೆ ಡಿಸ್ಕಿನ ಗೀರು ಜಾಗ ಬದಲಿಸುವುದಿಲ್ಲ. ಮೆಮೊರಿ ಪಟ್ಟಿಗಳನ್ನು ತೆಗೆದು, ಒಂದೊಂದನ್ನೇ ಸಿಕ್ಕಿಸಿ ನೋಡುವುದರಿಂದ ಇಂಥ ಎಷ್ಟೋ ತೊಂದರೆಗಳ ಮೂಲ ಸಿಗುತ್ತದೆ.

ಹಾರ್ಡ್ ಡಿಸ್ಕ್ ಕಾಣದ ಸ್ಥಾಪಕ

ಸ್ಥಾಪನೆಯ ಮೂಲ ಸರಿಯಾಗಿ ಓದಿಸಿಕೊಂಡರೂ ಗಮ್ಯಸ್ಥಾನವೇ ಕಾಣದಿರುವುದು ಮುಂದಿನ ತೊಡಕು. 2001ರ ವಿಂಡೋಸ್ ಎಕ್ಸ್‌ಪಿ ಹುಟ್ಟಿದ ಕಾಲಕ್ಕೆ ಹಾರ್ಡ್ ಡಿಸ್ಕುಗಳು ಅಗಲವಾದ ಐ.ಡಿ.ಇ. ಪಟ್ಟಿಕೇಬಲ್ಲಿನಲ್ಲಿ ಸೇರಿಕೊಳ್ಳುತ್ತಿದ್ದವು. ಅನಂತರ ಬಂದ ಸಾಟಾ ಡಿಸ್ಕುಗಳು ಎ.ಎಚ್.ಸಿ.ಐ. ಎಂಬ ಹೊಸ ವಿಧಾನದಲ್ಲಿ ವ್ಯವಹರಿಸಿದಾಗ ಎಕ್ಸ್‌ಪಿಯ ಸ್ಥಾಪಕಕ್ಕೆ ಹಾರ್ಡ್ ಡಿಸ್ಕೇ ಇಲ್ಲವೆಂದು ತೋರಿತು, ಇಲ್ಲವೇ 7ಬಿ ಎಂಬ ಸಂಖ್ಯೆಯ ನೀಲಿ ಪರದೆಯೊಂದಿಗೆ ಅದು ನಿಂತುಬಿಟ್ಟಿತು. ಬೂಟ್ ಸಾಧನವನ್ನು ತಲುಪಲಾಗುತ್ತಿಲ್ಲ ಎಂಬುದು ಆ ಸಂಖ್ಯೆಯ ಅರ್ಥ. ಸ್ಥಾಪನೆಯ ಆರಂಭದಲ್ಲಿ ಎಫ್6 ಕೀಲಿ ಒತ್ತಿ ಫ್ಲಾಪಿಯಿಂದ ಡ್ರೈವರ್ ತುಂಬುವುದು ಅಂದಿನ ಅಧಿಕೃತ ದಾರಿಯಾಗಿತ್ತು, ಆದರೆ ಅಷ್ಟರಲ್ಲಿ ಹೊಸ ಯಂತ್ರಗಳಿಂದ ಫ್ಲಾಪಿ ಡ್ರೈವೇ ಮರೆಯಾಗತೊಡಗಿತ್ತು. ಫರ್ಮ್‌ವೇರಿನಲ್ಲಿ ಸಾಟಾ ನಿಯಂತ್ರಕವನ್ನು ಹಳೆಯ ಐ.ಡಿ.ಇ. ರೀತಿಗೆ ಬದಲಿಸಿ ಎಕ್ಸ್‌ಪಿ ಹಾಕುವುದನ್ನು ರಿಪೇರಿ ಅಂಗಡಿಗಳು ರೂಢಿಸಿಕೊಂಡವು.

ಅದೇ ಕಥೆ ಹೊಸ ವೇಷದಲ್ಲಿ ಈಗಲೂ ನಡೆಯುತ್ತಿದೆ. 2020ರಿಂದ ಬಂದ ಇಂಟೆಲ್‌ನ 11ನೆಯ ತಲೆಮಾರಿನ ಮತ್ತು ಅನಂತರದ ಲ್ಯಾಪ್‌ಟಾಪುಗಳಲ್ಲಿ ಎಸ್.ಎಸ್.ಡಿ.ಯನ್ನು ವಿ.ಎಂ.ಡಿ. ಎಂಬ ನಿಯಂತ್ರಕದ ಹಿಂದೆ ಇರಿಸುವುದು ಸಾಮಾನ್ಯ. ವಿಂಡೋಸಿನ ಸ್ಥಾಪಕದೊಳಗೆ ಅದರ ಡ್ರೈವರ್ ಇಲ್ಲದಿದ್ದರೆ, ಡಿಸ್ಕುಗಳ ಪಟ್ಟಿ ಖಾಲಿಯಾಗಿ ಮೂಡಿ, ಡ್ರೈವರನ್ನು ತುಂಬಿಸುವ ಗುಂಡಿಯೊಂದೇ ಉಳಿಯುತ್ತದೆ. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಇಂಟೆಲ್ ರ್‍ಯಾಪಿಡ್ ಸ್ಟೋರೇಜ್ ಡ್ರೈವರನ್ನು ಬೇರೊಂದು ಯಂತ್ರದಲ್ಲಿ ಇಳಿಸಿಕೊಂಡು ಪೆನ್‌ಡ್ರೈವಿಗೆ ಹಾಕಿಕೊಂಡು ಬಂದವರೂ ಇಲ್ಲಿ ಎಡವುವುದುಂಟು, ಏಕೆಂದರೆ ಅದು ಸಿಗುವುದು ಸಾಮಾನ್ಯವಾಗಿ ತಾನಾಗಿ ಸ್ಥಾಪಿಸಿಕೊಳ್ಳುವ ಒಂದೇ ಕಟ್ಟಿನ ರೂಪದಲ್ಲಿ, ಸ್ಥಾಪಕಕ್ಕೆ ಬೇಕಾದದ್ದು ಬಿಡಿಸಿಟ್ಟ ಕಡತಗಳ ರೂಪದಲ್ಲಿ. ಡ್ರೈವರ್ ಯಾವ ಸಾಧನಕ್ಕೆ ಸಲ್ಲುತ್ತದೆ ಎಂಬ ವಿವರವನ್ನು ಬರೆದಿಟ್ಟ ಐ.ಎನ್.ಎಫ್. ಕಡತ ಕಣ್ಣಿಗೆ ಕಾಣುವಂತೆ ಆ ಕಟ್ಟನ್ನು ಮೊದಲೇ ಬಿಡಿಸಿ ಒಂದು ಫೋಲ್ಡರಿನಲ್ಲಿ ಇಟ್ಟುಕೊಂಡಿದ್ದರೆ ಖಾಲಿ ಪಟ್ಟಿಯಲ್ಲಿ ಎಸ್.ಎಸ್.ಡಿ. ಕೂಡಲೇ ಮೂಡುತ್ತದೆ.

ಪಟ್ಟಿಯಲ್ಲಿ ಡಿಸ್ಕ್ ಕಂಡರೂ ಸ್ಥಾಪಿಸಲಾಗದು ಎಂಬ ಉತ್ತರ ಬಂದರೆ ಅದು ಡ್ರೈವರ್‌ಗೆ ಸಂಬಂಧಿಸಿದ್ದಲ್ಲ. ಹಾರ್ಡ್ ಡಿಸ್ಕಿನ ವಿಭಾಗಗಳ ಪಟ್ಟಿಯನ್ನು ಬರೆಯುವ ಹಳೆಯ ಪದ್ಧತಿಗೆ ಎಂ.ಬಿ.ಆರ್. ಎಂದೂ ಹೊಸತಕ್ಕೆ ಜಿ.ಪಿ.ಟಿ. ಎಂದೂ ಹೆಸರು, ಹಳೆಯದು ಸಾಮಾನ್ಯ ಡಿಸ್ಕುಗಳಲ್ಲಿ 2 ಟೆರಾಬೈಟಿಗಿಂತ ಆಚೆಗಿನ ಜಾಗವನ್ನು ಬಳಸಲಾರದು. ಸ್ಥಾಪಕವು ಯು.ಇ.ಎಫ್.ಐ. ರೀತಿಯಲ್ಲಿ ಬೂಟ್ ಆಗಿದ್ದರೆ ವಿಂಡೋಸ್ ಜಿ.ಪಿ.ಟಿ. ಡಿಸ್ಕನ್ನೇ ಬೇಡುತ್ತದೆ. ಪೆನ್‌ಡ್ರೈವನ್ನು ಯಾವ ರೀತಿಯಲ್ಲಿ ಬೂಟ್ ಮಾಡಲಾಗಿದೆ ಎಂಬುದನ್ನು ಫರ್ಮ್‌ವೇರಿನ ಬೂಟ್ ಪಟ್ಟಿಯಲ್ಲಿ ನೋಡಿ ಸರಿಪಡಿಸಿಕೊಂಡರೆ ಎಷ್ಟೋ ಸಲ ಡಿಸ್ಕನ್ನು ಅಳಿಸುವ ಪ್ರಮೇಯವೇ ಬರುವುದಿಲ್ಲ. ಯು.ಇ.ಎಫ್.ಐ. ಫರ್ಮ್‌ವೇರುಗಳೆಲ್ಲ ಓದಬಲ್ಲ ಕಡತ ವಿನ್ಯಾಸ ಫ್ಯಾಟ್32. ಅದರಲ್ಲಿ ಒಂದು ಕಡತ 4 ಗಿಗಾಬೈಟ್ ಮುಟ್ಟುವಂತಿಲ್ಲ, ವಿಂಡೋಸಿನ ಮುಖ್ಯ ಸ್ಥಾಪನಾ ಕಡತವಾದರೋ ಈಗ ಅನೇಕ ಸಲ ಆ ಮಿತಿಯನ್ನು ದಾಟಿರುತ್ತದೆ. ಐ.ಎಸ್.ಒ.ದೊಳಗಿನ ಕಡತಗಳನ್ನು ಕೈಯಿಂದ ಪೆನ್‌ಡ್ರೈವಿಗೆ ನಕಲಿಸಲು ಹೋದಾಗ ಒಂದು ಕಡತ ಮಾತ್ರ ಹಿಡಿಸದೆ ಹೋಗುವುದರ ಮರ್ಮ ಇದು. ಈ ಕೆಲಸಕ್ಕೆಂದೇ ಇರುವ ಮೈಕ್ರೋಸಾಫ್ಟ್‌ನ ಸಾಧನ ಅಥವಾ ರೂಫಸ್‌ನಂಥ ಮುಕ್ತ ತಂತ್ರಾಂಶ ಈ ಮಿತಿಯನ್ನು ತಾನೇ ನಿಭಾಯಿಸುತ್ತದೆ.

ಹಳದಿ ಗುರುತಿನ ಸಾಧನಗಳು

ಪೂರ್ಣ ವ್ಯವಸ್ಥೆ ಎದ್ದು ನಿಂತ ಮೇಲೂ ಪರದೆ ಒರಟಾಗಿ, ಧ್ವನಿ ಇಲ್ಲದೆ, ವೈಫೈ ಕಾಣದೆ ಇರಬಹುದು. ವಿಂಡೋಸಿನ ಡಿವೈಸ್ ಮ್ಯಾನೇಜರ್ ತೆರೆದರೆ ಡ್ರೈವರ್ ಇಲ್ಲದ ಸಾಧನಗಳ ಪಕ್ಕದಲ್ಲಿ ಹಳದಿ ಗುರುತು ಇರುತ್ತದೆ, ಅದರ ವಿವರದಲ್ಲಿ 28 ಎಂಬ ಸಂಖ್ಯೆ ಇದ್ದರೆ ಡ್ರೈವರ್ ಸ್ಥಾಪಿತವಾಗಿಲ್ಲವೆಂದು ಅರ್ಥ. ಸಾಧನದ ಹೆಸರು ಗೊತ್ತಿಲ್ಲದಿದ್ದರೂ ಅದರ ಗುರುತನ್ನು ಹಿಡಿಯಬಹುದು. ಮದರ್‌ಬೋರ್ಡಿಗೆ ಪಿ.ಸಿ.ಐ. ವಿಧಾನದಲ್ಲಿ ಸೇರುವ ಪ್ರತಿಯೊಂದು ಚಿಪ್ಪೂ ತನ್ನ ತಯಾರಕರದೊಂದು, ತನ್ನ ಮಾದರಿಯದೊಂದು ಎಂದು ತಲಾ ನಾಲ್ಕು ಅಂಕಿಗಳ ಎರಡು ಸಂಖ್ಯೆಗಳನ್ನು ಹೊತ್ತಿರುತ್ತದೆ. ಇಂಟೆಲ್ ತಯಾರಿಕೆಗೆ 8086, ರಿಯಲ್‌ಟೆಕ್‌ಗೆ 10ಇಸಿ, ಎನ್ವಿಡಿಯಾಗೆ 10ಡಿಇ. ಇಂಟೆಲ್ ತನ್ನ ಗುರುತಿಗೆ 1978ರ ತನ್ನ ಪ್ರಸಿದ್ಧ ಪ್ರೊಸೆಸರಿನ ಸಂಖ್ಯೆಯನ್ನೇ ಇಟ್ಟುಕೊಂಡಿದೆ. ಸಾಧನದ ವಿವರಗಳಲ್ಲಿ ಹಾರ್ಡ್‌ವೇರ್ ಐಡಿ ಎಂಬ ಸಾಲನ್ನು ತೆರೆದು ಈ ಎರಡು ಸಂಖ್ಯೆಗಳನ್ನು ಬರೆದುಕೊಂಡರೆ ಬೇಕಾದ ಡ್ರೈವರನ್ನು ಊಹೆಯಿಲ್ಲದೆ ಹುಡುಕಬಹುದು. ಸಿಕ್ಕಸಿಕ್ಕ ಡ್ರೈವರುಗಳನ್ನು ತಾನಾಗಿ ಹಾಕಿಕೊಡುತ್ತೇನೆನ್ನುವ ಅಪರಿಚಿತ ತಂತ್ರಾಂಶಗಳ ಮೊರೆಹೋಗುವುದಕ್ಕಿಂತ ಇದು ಎಷ್ಟೋ ಸುರಕ್ಷಿತ.

ಡ್ರೈವರ್ ಸಿಕ್ಕಿದರೂ ವ್ಯವಸ್ಥೆ ಅದನ್ನು ಒಪ್ಪದಿರಬಹುದು. ವ್ಯವಸ್ಥೆಯ ಒಳತಿರುಳಿನಲ್ಲಿ ಓಡುವ ಡ್ರೈವರ್ ಕೆಟ್ಟದ್ದಾದರೆ ಇಡೀ ಯಂತ್ರವೇ ಅದರ ವಶವಾಗುವುದರಿಂದ, ವಿಂಡೋಸ್ ವಿಸ್ಟಾದ 64 ಬಿಟ್ ಆವೃತ್ತಿಯಿಂದ ಮುಂದಕ್ಕೆ ಇಂಥ ಡ್ರೈವರಿಗೆ ಡಿಜಿಟಲ್ ಸಹಿ ಕಡ್ಡಾಯವಾಯಿತು. ವಿಂಡೋಸ್ 7ರ ಮೂಲ ಡಿಸ್ಕ್ ಹೊರಬಂದಾಗ ಸಹಿಗಳಿಗೆ ಎಸ್.ಎಚ್.ಎ.-1 ಸೂತ್ರ ಬಳಕೆಯಲ್ಲಿತ್ತು. ಅನಂತರದ ಡ್ರೈವರುಗಳು ಎಸ್.ಎಚ್.ಎ.-2 ಸೂತ್ರದಿಂದ ಸಹಿಯಾದವು, ಹಳೆಯ ಡಿಸ್ಕಿನಿಂದ ಸ್ಥಾಪಿಸಿದ ವ್ಯವಸ್ಥೆಯು ತಕ್ಕ ಪರಿಷ್ಕರಣೆ ಹಾಕುವ ತನಕ ಆ ಸಹಿಯನ್ನು ಗುರುತಿಸುವುದಿಲ್ಲ. ಸರಿಯಾದ ಡ್ರೈವರ್ ಹಾಕಿದರೂ 52 ಎಂಬ ದೋಷಸಂಖ್ಯೆ ಬರುವುದಕ್ಕೆ ಇದೊಂದು ಕಾರಣ. ಹಳೆಯ ಯಂತ್ರಗಳಲ್ಲಿ ಮದರ್‌ಬೋರ್ಡಿನ ಮೇಲಿರುವ ಸಿಆರ್2032 ಎಂಬ 3 ವೋಲ್ಟಿನ ಗುಂಡಿ ಬ್ಯಾಟರಿ ಸತ್ತು ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿದ್ದರಂತೂ, ಸುರಕ್ಷಿತ ತಾಣಗಳ ಪ್ರಮಾಣಪತ್ರಗಳು ಇನ್ನೂ ಜಾರಿಗೇ ಬಂದಿಲ್ಲವೆಂದು ಬ್ರೌಸರ್ ತಿಳಿದು ಡ್ರೈವರ್ ಇಳಿಸಿಕೊಳ್ಳಲೂ ಬಿಡುವುದಿಲ್ಲ. ದಿನಾಂಕ ಸರಿಪಡಿಸುವುದು ಕ್ಷಣದ ಕೆಲಸ. ಅದರ ನೆನಪಾಗುವುದಕ್ಕೆ ಅರ್ಧ ದಿನ ಹಿಡಿಯುವುದುಂಟು.

ಎಲ್ಲಕ್ಕಿಂತ ಕಠಿಣವಾದದ್ದು ಜಾಲದ ಡ್ರೈವರ್ ಇಲ್ಲದಿರುವುದು. ವೈಫೈ ಡ್ರೈವರ್ ಅಂತರ್ಜಾಲದಲ್ಲಿದೆ, ಅಂತರ್ಜಾಲಕ್ಕೆ ಹೋಗಲು ವೈಫೈ ಡ್ರೈವರ್ ಬೇಕು. ವಿಂಡೋಸ್ 11ರ ಮೊದಲ ಸಜ್ಜಿಕೆಯ ಹಂತದಲ್ಲೇ ಅಂತರ್ಜಾಲದ ಸಂಪರ್ಕವನ್ನು ಕೇಳುವುದರಿಂದ ಈ ಸುಳಿ ಇನ್ನೂ ಬಿಗಿಯಾಗಿದೆ. ಇದಕ್ಕೆ ಆಂಡ್ರಾಯ್ಡ್ ಫೋನ್ ಸುಲಭದ ಪರಿಹಾರ. ಫೋನನ್ನು ಯು.ಎಸ್.ಬಿ. ಕೇಬಲ್ಲಿನಿಂದ ಜೋಡಿಸಿ ಯು.ಎಸ್.ಬಿ. ಟೆದರಿಂಗ್ ಚಾಲೂ ಮಾಡಿದರೆ ಕಂಪ್ಯೂಟರಿಗೆ ಅದು ತಂತಿಯ ಜಾಲದಂತೆ ಕಾಣುತ್ತದೆ, ಅದಕ್ಕೆ ಬೇಕಾದ ಡ್ರೈವರ್ ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ಮೊದಲೇ ಇರುತ್ತದೆ. ಲಿನಕ್ಸಿನಲ್ಲಿ ಬಹುಪಾಲು ಡ್ರೈವರುಗಳು ವ್ಯವಸ್ಥೆಯ ತಿರುಳಿನ ಜೊತೆಗೇ ಬರುವುದರಿಂದ ಹಳೆಯ ಯಂತ್ರಗಳಲ್ಲಿ ಹುಡುಕಾಟ ಕಡಿಮೆ. ಆದರೆ ಅನೇಕ ವೈಫೈ ಚಿಪ್ಪುಗಳು ತಮ್ಮೊಳಗೆ ತುಂಬಿಸಬೇಕಾದ ಪ್ರತ್ಯೇಕ ಫರ್ಮ್‌ವೇರ್ ಕಡತವನ್ನೂ ಬೇಡುತ್ತವೆ. ಅದರ ಮೂಲ ಸಂಕೇತ ಮುಕ್ತವಲ್ಲವೆಂಬ ತತ್ತ್ವದ ಕಾರಣದಿಂದ ಡೆಬಿಯನ್ ಬಳಗವು ಬಹುಕಾಲ ಅಂಥ ಕಡತಗಳನ್ನು ತನ್ನ ಅಧಿಕೃತ ಡಿಸ್ಕಿನಿಂದ ಹೊರಗಿಟ್ಟಿತ್ತು. ಸದಸ್ಯರ ಮತದಾನದ ನಂತರ 2023ರ ಜೂನ್ ತಿಂಗಳಿನ ಡೆಬಿಯನ್ 12ರಿಂದ ಅವು ಅಧಿಕೃತ ಸ್ಥಾಪನಾ ಡಿಸ್ಕಿನಲ್ಲೇ ಸೇರಿವೆ.

ಕನ್ನಡವೆಂಬ ಪದರ

ಕನ್ನಡದಲ್ಲಿ ಕೆಲಸ ಮಾಡುವ ಕಚೇರಿ, ಶಾಲೆ, ಮುದ್ರಣಾಲಯಗಳಲ್ಲಿ ಮರುಸ್ಥಾಪನೆ ಡ್ರೈವರುಗಳೊಂದಿಗೆ ಮುಗಿಯುವುದಿಲ್ಲ. ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಅಕ್ಷರವಿನ್ಯಾಸದೊಡನೆ ಕನ್ನಡ ಯೂನಿಕೋಡ್ ಬಂದಿತಾದರೂ, ಒತ್ತಕ್ಷರ, ಗುಣಿತಗಳನ್ನು ಸರಿಯಾಗಿ ಜೋಡಿಸುವ ತಂತ್ರಾಂಶ ಪೂರ್ವನಿಯೋಜಿತವಾಗಿ ಸ್ಥಾಪನೆಯಾಗುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್‌ನ ಭಾಷೆಯ ವಿಭಾಗಕ್ಕೆ ಹೋಗಿ ಸಂಕೀರ್ಣ ಲಿಪಿಗಳ ಕಡತಗಳನ್ನು ಸ್ಥಾಪಿಸು ಎಂಬ ಚೌಕಕ್ಕೆ ಗುರುತು ಹಾಕಿದಾಗ, ವ್ಯವಸ್ಥೆಯು ಎಕ್ಸ್‌ಪಿಯ ಮೂಲ ಸಿ.ಡಿ.ಯನ್ನು ಅಥವಾ ಅದರ ಐ386 ಎಂಬ ಫೋಲ್ಡರನ್ನು ಕೇಳುತ್ತಿತ್ತು. ಅಂಗಡಿಯಲ್ಲಿ ವ್ಯವಸ್ಥೆ ಹಾಕಿಸಿಕೊಂಡು ಸಿ.ಡಿ. ಇಲ್ಲದೆ ಮನೆಗೆ ಬಂದವರ ಪಾಲಿಗೆ ಕನ್ನಡ ಪುಟಗಳು ಚೌಕಗಳಾಗಿಯೋ, ಒತ್ತುಗಳು ಕಳಚಿ ಬಿದ್ದ ಅಕ್ಷರಗಳಾಗಿಯೋ ಉಳಿದವು. ಐ386 ಫೋಲ್ಡರನ್ನು ಹಾರ್ಡ್ ಡಿಸ್ಕಿಗೇ ನಕಲಿಸಿ ಇಟ್ಟುಕೊಂಡವರಿಗೆ ಈ ಕಷ್ಟ ಇರಲಿಲ್ಲ. ವಿಸ್ಟಾದಿಂದ ಮುಂದಕ್ಕೆ ಈ ಕಡತಗಳು ಮೊದಲೇ ಸ್ಥಾಪನೆಯಾಗಿರುತ್ತವೆ.

ಯೂನಿಕೋಡ್ ಪೂರ್ವದ ದಾಖಲೆಗಳದು ಬೇರೆಯೇ ಸಮಸ್ಯೆ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸಗಳಲ್ಲಿ ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತುಣುಕುಗಳನ್ನು ಇರಿಸಲಾಗಿತ್ತು. ಮರುಸ್ಥಾಪನೆಯ ನಂತರ ಆ ಅಕ್ಷರವಿನ್ಯಾಸಗಳನ್ನು ಮತ್ತೆ ಹಾಕದಿದ್ದರೆ ವರ್ಷಗಳ ಕಡತಗಳೆಲ್ಲ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲುಗಳಾಗಿ ತೆರೆದುಕೊಳ್ಳುತ್ತವೆ. ದಾಖಲೆ ಹಾಳಾಯಿತೆಂದು ಗಾಬರಿಯಾಗಿ ಅದನ್ನು ಅಳಿಸಿದವರಿಗೆ ನಷ್ಟ ಶಾಶ್ವತ, ಅಕ್ಷರವಿನ್ಯಾಸದ ಪುಟ್ಟ ಕಡತವನ್ನು ಮರಳಿ ಹಾಕಿದವರಿಗೆ ಇಡೀ ಪಠ್ಯ ಹಾಗೆಯೇ ಸಿಗುತ್ತದೆ. ಇಲ್ಲೂ ದಾಖಲೆ ಕೆಟ್ಟಿಲ್ಲ, ಅದನ್ನು ಓದುವವರು ಬದಲಾಗಿದ್ದಾರೆ.

ಅಳಿಸುವ ಮುನ್ನ

ಈ ಎಲ್ಲ ಉದಾಹರಣೆಗಳಿಂದ ಹೊರಡುವ ಕಾರ್ಯಕ್ರಮ ಸರಳವಾಗಿದೆ, ಅದರ ಬಹುಭಾಗ ಹಳೆಯ ವ್ಯವಸ್ಥೆ ಇನ್ನೂ ಜೀವಂತವಿರುವಾಗಲೇ ಮುಗಿಯಬೇಕಾದದ್ದು. ವಿಂಡೋಸ್ 10 ಮತ್ತು 11ರಲ್ಲಿ ಪಿ.ಎನ್.ಪಿ. ಯುಟಿಲ್ ಎಂಬ ಆದೇಶದ ಮೂಲಕ, ಯಂತ್ರದಲ್ಲಿ ಹೊರಗಿನಿಂದ ಹಾಕಿದ ಎಲ್ಲ ಡ್ರೈವರುಗಳನ್ನೂ ಅವುಗಳ ಐ.ಎನ್.ಎಫ್. ಕಡತಗಳ ಸಮೇತ ಒಂದು ಫೋಲ್ಡರಿಗೆ ರಫ್ತು ಮಾಡಿಕೊಳ್ಳಬಹುದು. ಹೊಸ ವ್ಯವಸ್ಥೆ ಎದ್ದ ಮೇಲೆ ಡಿವೈಸ್ ಮ್ಯಾನೇಜರಿಗೆ ಅದೇ ಫೋಲ್ಡರನ್ನು ತೋರಿಸಿದರೆ ಹಳದಿ ಗುರುತುಗಳು ಒಂದೊಂದಾಗಿ ಮಾಯವಾಗುತ್ತವೆ. ಆ ಫೋಲ್ಡರನ್ನು ಪೆನ್‌ಡ್ರೈವಿನಲ್ಲಿ ಇಡಬೇಕು, ಅಳಿಸಲಿರುವ ಹಾರ್ಡ್ ಡಿಸ್ಕಿನಲ್ಲಲ್ಲ. ಡಿಸ್ಕ್ ಗೂಢಲಿಪೀಕರಣಗೊಂಡಿದ್ದರೆ ಬಿಟ್‌ಲಾಕರಿನ 48 ಅಂಕಿಗಳ ಮರುಪಡೆಯುವ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಫರ್ಮ್‌ವೇರಿನಲ್ಲಿ ಬೂಟ್ ಸಂಬಂಧಿ ಬದಲಾವಣೆ ಮಾಡಿದ ಮೇಲೆ ಯಂತ್ರ ಅದನ್ನು ಕೇಳುವ ಸಂಭವವಿದೆ. ಸಿಡಿಲು ಮಳೆಯ ದಿನಗಳಲ್ಲಿ ಯು.ಪಿ.ಎಸ್. ಇಲ್ಲದ ಮೇಜುಗಣಕದಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದು ಲೇಸು. ನಕಲಿಸುವ ನಡುವೆ ವಿದ್ಯುತ್ ಹೋದರೆ ಸ್ಥಾಪನೆಯನ್ನು ಮೊದಲಿನಿಂದ ಆರಂಭಿಸಿದರೆ ಸಾಕು, ಫರ್ಮ್‌ವೇರನ್ನೇ ಪರಿಷ್ಕರಿಸುವಾಗ ಹೋದರೆ ಮದರ್‌ಬೋರ್ಡ್ ಮತ್ತೆ ಏಳದಿರಬಹುದು.

ಮೈಕ್ರೋಸಾಫ್ಟ್ ಸಂಸ್ಥೆಯು ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ತನ್ನ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಟಿ.ಪಿ.ಎಂ. 2.0 ಎಂಬ ಭದ್ರತಾ ಘಟಕವನ್ನು ಬೇಡುವ ವಿಂಡೋಸ್ 11 ಹಿಡಿಸದ ಯಂತ್ರಗಳು ಹಳ್ಳಿಯ ಶಾಲೆಗಳಲ್ಲೂ ಸಣ್ಣ ಅಂಗಡಿಗಳಲ್ಲೂ ಇನ್ನೂ ಹಲವು ವರ್ಷ ಬಾಳುತ್ತವೆ, ಲಿನಕ್ಸ್‌ಗೋ ಹಳೆಯ ವಿಂಡೋಸಿಗೋ ಮತ್ತೆ ಮತ್ತೆ ಮರಳುತ್ತವೆ. ತಯಾರಕರ ತಾಣಗಳಲ್ಲಿ ಹಳೆಯ ಮಾದರಿಗಳ ಡ್ರೈವರ್ ಪುಟಗಳು ಎಂದಿಗೂ ಇರುತ್ತವೆಂಬ ಭರವಸೆಯಿಲ್ಲ. ಹಾಗಾಗಿ ಯಂತ್ರ ಚೆನ್ನಾಗಿ ಓಡುತ್ತಿರುವ ದಿನವೇ ಅದರ ಡ್ರೈವರುಗಳನ್ನು ರಫ್ತು ಮಾಡಿ, ತಾಳೆ ನೋಡಿದ ಸ್ಥಾಪನಾ ಪೆನ್‌ಡ್ರೈವಿನ ಜೊತೆಗೆ ಯಂತ್ರದ ಮಾದರಿ ಸಂಖ್ಯೆ ಬರೆದು ಎತ್ತಿಡುವುದು ಆ ಯಂತ್ರದ ಮುಂದಿನ ಎಲ್ಲ ಮರುಸ್ಥಾಪನೆಗಳಿಗೂ ಮಾಡಿಟ್ಟ ಅರ್ಧ ಕೆಲಸ.